ಗುಬ್ಬಿಯನ್ನು ಕರೆದೊಯ್ಯುವ ಮೊದಲು

ಮಹಿಳಾ ಕಾರಾಗೃಹ, ತಾಯಂದಿರ ಕೊಠಡಿ
ಭಾನುವಾರ

ಪ್ರೀತಿಯ ಅತ್ತೆಗೆ,

ಹಾಗೆ ಕರೆಯುವ ಋಣ ಉಳಿದಿದೆಯೋ ಇಲ್ಲವೋ, ಬೇರೆ ಹೇಗೆ ಕರೆಯಲೂ ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಜಾಲರಿಯ ಆಚೆ ಕೂತು ನೀವು, "ನಿನ್ನ ನೋಡೋಕೆ ಬಂದಿಲ್ಲ ನಾನು. ಮಗೂನ ಕರ್ಕೊಂಡು ಹೋಗೋಕೆ ಏನು ಮಾಡ್ಬೇಕು ಹೇಳು" ಅಂದಿರಿ. ಆರು ತುಂಬಿದ ಮಕ್ಕಳು ಇಲ್ಲಿರುವಂತಿಲ್ಲ ಎಂದು ಜೈಲಿನವರು ನಿಮಗೆ ತಿಳಿಸಿದ್ದರಂತೆ. ನಾನು ತಲೆ ಎತ್ತಲೇ ಇಲ್ಲ. ಬಾಗಿಲ ತನಕ ಹೋದವರು ತಿರುಗಿ ಬಂದು, ರಾತ್ರಿ ಹೇಗೆ ಮಲಗುತ್ತಾಳೆ ಅವಳು ಎಂದು ಕೇಳಿದಿರಿ. ಅಷ್ಟರಲ್ಲಿ ವಾರ್ಡರಮ್ಮ ಸಮಯ ಮುಗಿಯಿತೆಂದರು. ಅದಕ್ಕೇ ಈ ಕಾಗದ.

ಅವಳನ್ನು ಇಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತೇವೆ. ಗುಬ್ಬಿಗೆ ಕತ್ತಲೆ ಎಂದರೇನೆಂದು ಗೊತ್ತಿಲ್ಲ, ನಮ್ಮ ಕೊಠಡಿಯ ದೀಪ ಆರಿಸುವುದೇ ಇಲ್ಲ. ಮೊದಮೊದಲು ಒಂದು ದೀಪ ಉರಿಯುತ್ತಿರಲಿ. ಒಂಟಿಯಾಗಿ ಮಲಗಿಯೂ ಗೊತ್ತಿಲ್ಲ. ಇಲ್ಲಿ ಜಾಗ ಎಷ್ಟು ಇಕ್ಕಟ್ಟೆಂದರೆ, ಒಬ್ಬಳು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಹೊರಳಬೇಕು. ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ.

ಈ ಕಟ್ಟಡ ಮೊದಲು ಅಂಟುರೋಗದವರ ಆಸ್ಪತ್ರೆಯಾಗಿತ್ತಂತೆ. ಆಗ ಹೆಂಗಸರನ್ನು ಗಂಡಸರ ಜೈಲಿನಲ್ಲೇ, ಅಡುಗೆಮನೆಯ ಹಿಂದಿನ ಮೂಲೆಯಲ್ಲಿ ಇಡುತ್ತಿದ್ದರು. ಅಲ್ಲೊಬ್ಬಳು ಹೆರಿಗೆಯಲ್ಲಿ ಸತ್ತು ಗಲಾಟೆಯಾದ ಮೇಲೆ, ಇಲ್ಲಿಯ ಗೋಡೆ ಎತ್ತರಿಸಿ, ಕಿಟಕಿಗಳಿಗೆ ಅರ್ಧದ ತನಕ ಇಟ್ಟಿಗೆ ಕಟ್ಟಿ ನಮಗೆ ಕೊಟ್ಟರು. ಹೊಲಿಗೆ ಕೋಣೆಯ ಮುದುಕಿ, ನಮಗೆಲ್ಲ ದೊಡ್ಡಮ್ಮ, ಅಂದು ಗಾಡಿಯಲ್ಲಿ ಬಂದಿಳಿದವರಲ್ಲಿ ಒಬ್ಬಳು. ನಲ್ಲಿ ತಿರುಗಿಸಿದರೆ ನೀರು ಬಂದದ್ದು ನೋಡಿ ಎಲ್ಲರೂ ಅತ್ತರಂತೆ. ಈಗ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಮೊದಲ ಬಕೆಟ್ಟು ತಾಯಂದಿರಿಗೆ ಎಂಬುದು ದೊಡ್ಡಮ್ಮನ ಕಾನೂನು, ಅದನ್ನು ಮೀರಲು ಇಲ್ಲಿ ಯಾರಿಗೂ ಧೈರ್ಯವಿಲ್ಲ. ಗುಬ್ಬಿ ಹುಟ್ಟಿದಾಗ ಹಳೆಯ ಸಮವಸ್ತ್ರ ಕತ್ತರಿಸಿ ಮೊದಲ ಅಂಗಿ ಹೊಲಿದವಳೂ ಅವಳೇ. ಮಗು ಹೋಗುತ್ತದೆಂದು ತಿಳಿದಾಗಿನಿಂದ ಯಾರ ಜೊತೆಗೂ ಮಾತಾಡುತ್ತಿಲ್ಲ.

ಮುಚ್ಚಿದ ಬಾಗಿಲ ಮುಂದೆ ಗುಬ್ಬಿ ಸುಮ್ಮನೆ ನಿಂತುಬಿಡುತ್ತಾಳೆ. ಅದು ಮೊಂಡುತನವಲ್ಲ, ಬೈಯಬೇಡಿ. ಬಾಗಿಲನ್ನು ಒಳಗಿನಿಂದ ನಾವೇ ತೆಗೆಯಬಹುದು ಎಂದು ತೋರಿಸಿಕೊಡಲು ಇಲ್ಲಿ ಅಂಥದ್ದೊಂದು ಬಾಗಿಲೇ ಇಲ್ಲ. ನಿನ್ನೆ ನಿಮ್ಮ ಮನೆಯ ಸುದ್ದಿ ಹೇಳುತ್ತಿದ್ದಾಗ, "ಅಜ್ಜಿ ಹತ್ರ ಬೀಗದ ಕೈ ಗೊಂಚಲು ಎಷ್ಟು ದೊಡ್ಡದಿದೆ?" ಎಂದು ಕೇಳಿದಳು. ಕೊಠಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ಅವಳ ಕೈಯನ್ನೇ ಚಿಲಕದ ಮೇಲಿಟ್ಟು ಒಮ್ಮೆ ತೆಗೆಸಿ.

ಅತ್ತೆ, ಅಂದು ಕೋರ್ಟಿನಲ್ಲಿ ನಿಂತು ನೀವು, "ನನ್ನ ಮಗ ಇವಳನ್ನ ಹೊಡೀತಿದ್ದ. ನಾನೇ ನೋಡಿದೀನಿ" ಅಂದಿರಿ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿಂದ ಆ ಮಾತು ಹೇಗೆ ಬಂತೋ. ನನ್ನ ಶಿಕ್ಷೆ ಕಡಿಮೆಯಾದದ್ದು ಅದರಿಂದಲೇ. ಆಮೇಲೆ ನನ್ನ ಮುಖ ನೋಡದೆ ಹೊರಟುಹೋದಿರಿ. ನಾನು ಅವರನ್ನು ತಳ್ಳಿದ್ದು ನಿಜ. ಮೆಟ್ಟಿಲು ಅಷ್ಟು ಹತ್ತಿರವಿದ್ದದ್ದು ಗೊತ್ತಿತ್ತೇ ಎಂದು ವಕೀಲರು ಕೇಳಿದಾಗ ಇಲ್ಲವೆಂದೆ. ಅದಕ್ಕಿಂತ ಹೆಚ್ಚು ಹೇಳಲು ಇಂದಿಗೂ ನನ್ನಿಂದಾಗದು.

ಗುಬ್ಬಿ ಅಪ್ಪನ ಬಗ್ಗೆ ಕೇಳಿದರೆ ನಿಮಗೆ ಸರಿಯೆನಿಸಿದ್ದನ್ನು ಹೇಳಿ. ನನ್ನ ಬಗ್ಗೆ ಕೇಳಿದರೂ ಅಷ್ಟೇ. ಹೊರಗೆ ಬಂದ ಮೇಲೆ ನಾನು ಅದೇ ಮಾತಿಗೆ ಕಟ್ಟುಬೀಳುತ್ತೇನೆ.

ಬುಧವಾರ ನೀವು ಅವಳನ್ನು ಕರೆದೊಯ್ಯಲು ಬಂದಾಗ ಗೇಟಿನ ತನಕ ನನ್ನನ್ನು ಬಿಡುತ್ತಾರಂತೆ. ನಾನು ಅಳುವುದಿಲ್ಲ. ಅತ್ತರೆ ಅವಳು ಅಲ್ಲಿಂದ ಕದಲುವುದಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ನಿಮ್ಮ ಸೊಸೆ

ತಾ.ಕ.: ಇದೊಂದು ನಿಮಗೆ ಮೊದಲೇ ತಿಳಿದಿರಲಿ, ಇಲ್ಲದಿದ್ದರೆ ದಾರಿಯಲ್ಲೇ ಎದೆ ಝಲ್ಲೆಂದೀತು. ಅವಳು ನಕ್ಕರೆ ಥೇಟ್ ನಿಮ್ಮ ಮಗನ ನಗು. ಮೊದಲ ಸಲ ಕೇಳಿದಾಗ ನಾನು ಬೆಚ್ಚಿ ಗೋಡೆಗೆ ಒತ್ತಿಕೊಂಡಿದ್ದೆ. ಈಗ ಅದನ್ನು ಕೇಳಲೆಂದೇ ದಿನವೂ ಕಚಗುಳಿ ಇಡುತ್ತೇನೆ.