ಕೆಂಪಗಿದ್ದ ಮಗ

ರಾಮಗಿರಿ
೧೪-೧೧-೧೯೭೬

ಯಜಮಾನರಿಗೆ ಯಲ್ಲಕ್ಕನ ನಮಸ್ಕಾರಗಳು.

ಪಠಾಣಕೋಟೆಯಲ್ಲಿ ಚಳಿ ಶುರುವಾಯಿತೇ? ಕೆಮ್ಮು ವಾಸಿಯಾಯಿತೇ? ಉಣ್ಣೆ ಬನಿಯನ್ ತೊಡದೆ ಪೆಟ್ಟಿಗೆಯಲ್ಲಿ ಮಡಿಸಿಟ್ಟಿರುತ್ತೀರಿ, ನನಗೆ ಗೊತ್ತು. ಅವಳಿಗಳಲ್ಲಿ ಒಬ್ಬ ಹೋದನೆಂದು ತಂತಿ ಕೊಟ್ಟೆವು. ಯಾರು, ಹೇಗೆ ಎಂದು ಅದರಲ್ಲಿ ಬರೆಸಲಾಗಲಿಲ್ಲ. ಹೋದವನು ಕೆಂಪಗಿದ್ದವನು ಕಣ್ರೀ.

ಹುಟ್ಟಿದಾಗ ಒಬ್ಬ ಸುಣ್ಣದಂತೆ ಬಿಳುಚಿಕೊಂಡಿದ್ದ, ಇನ್ನೊಬ್ಬ ಕೆಂಪಗೆ, ಗುಂಡಗಿದ್ದ. ಕುರಿ ಅವಳಿ ಈದರೆ ನಿತ್ರಾಣದ ಮರಿಯನ್ನು ನಾವು ಎತ್ತಿಕೊಂಡು, ಗಟ್ಟಿ ಮರಿಯನ್ನು ತಾಯಿಯ ಬಳಿ ಬಿಡುತ್ತೇವಲ್ಲ, ಅತ್ತೆ ಹಾಗೆಯೇ ಮಾಡಿದರು. “ಇವನಿಗೇನಾಗೈತೆ, ರಾಜನಂಗವನೆ. ನೀನು ಇವನ್ನ ನೋಡ್ಕ, ನಾನು ಬಿಳಿಯೋನ್ನ ದುರ್ಗದ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ” ಎಂದು ಬಸ್ಸು ಹತ್ತಿದರು. ನನಗೂ ಅದೇ ಸರಿ ಅನ್ನಿಸಿತು. ಕೆಂಪು ಮಗ ಹಾಲಿಗೂ ಏಳದೆ ಮಲಗಿದ್ದ. ಎಂಥ ಸಾಧು ಕೂಸು ಎಂದು ದೃಷ್ಟಿ ಬೇರೆ ತೆಗೆದೆ.

ದುರ್ಗದ ಡಾಕ್ಟರಮ್ಮ ಬಿಳಿಯವನನ್ನು ನೋಡಿದವರೇ, “ಇನ್ನೊಂದು ಕೂಸು ಎಲ್ಲೈತೆ? ಇವನ ರಕ್ತ ತಾಯಿ ಹೊಟ್ಟೆಯೊಳಗೇ ಅವನಿಗೆ ಹೋಗೈತೆ. ಅವನಿಗೂ ಆಪತ್ತು, ಬೇಗ ಕರ್ಕೊಂಡು ಬರ್ರಿ” ಎಂದರಂತೆ. ಅತ್ತೆಯ ಜೊತೆ ಹೋಗಿದ್ದ ಮೈದುನ ಉಗ್ರಪ್ಪ ಬಸ್ಸು ಹಿಡಿದು ಓಡಿ ಬಂದ. ನಾವು ಆಸ್ಪತ್ರೆ ಮುಟ್ಟುವಾಗ ಮಗ ನೇರಳೆ ಬಣ್ಣಕ್ಕೆ ತಿರುಗಿದ್ದ, ಕೈಕಾಲು ಸೆಟೆಯುತ್ತಿದ್ದವು. ರಕ್ತ ಹೆಚ್ಚಾಗಿ, ಗಟ್ಟಿಯಾಗಿ, ನರಗಳಲ್ಲಿ ಸರಿಯಾಗಿ ಹರಿಯುತ್ತಿಲ್ಲ ಎಂದ ಡಾಕ್ಟರಮ್ಮ, ಹೊಕ್ಕುಳಲ್ಲಿ ಸಣ್ಣ ಕೊಳವೆ ಇಟ್ಟು ಸ್ವಲ್ಪ ಸ್ವಲ್ಪವೇ ರಕ್ತ ತೆಗೆದರು. ತೆಗೆದಷ್ಟೇ ಉಪ್ಪುನೀರಿನ ಔಷಧ ಏರಿಸಿದರು. ಬಂದ ರಕ್ತ ಕಾಕಂಬಿಯ ಹಾಗೆ ಕಪ್ಪಗೆ, ಮಂದವಾಗಿತ್ತು. ಮೈಬಣ್ಣ ತಿಳಿಯಾಯಿತು. ಒಮ್ಮೆ ಅತ್ತ. ಆ ಅಳು ಕೇಳಿ ನಾನು ನಕ್ಕುಬಿಟ್ಟೆ. ಮರುದಿನ ಮಧ್ಯಾಹ್ನ ನನ್ನ ಮಡಿಲಲ್ಲೇ ಹೋದ. ಮೊದಲೇ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಬೆನ್ನು ಸವರಿದರು. ಹಾಲು ಈಗಲೂ ಇಬ್ಬರಿಗಾಗುವಷ್ಟು ಬರುತ್ತದೆ.

ದುರ್ಗದಲ್ಲಿ ರಕ್ತ ಏರಿಸಿದ ಮೇಲೆ ಬಿಳಿಯವನು ಉಳಿದಿದ್ದಾನೆ. ಚೆನ್ನಾಗಿ ಕುಡಿಯುತ್ತಾನೆ. ಕಿವಿ ನಿಮ್ಮದೇ, ಮೊರದಗಲ. ನೀವು ಅಲ್ಲಿ ಒಬ್ಬರೇ ಕೂತು ಅಳಬೇಡಿ, ಊಟ ಬಿಡಬೇಡಿ. ರಜೆ ಸಿಕ್ಕ ದಿನ ಹೊರಟು ಬನ್ನಿ.

ನಿಮ್ಮ
ಯಲ್ಲಕ್ಕ

ಮರೆತಿದ್ದೆ: ಬಿಳಿಯವನಿಗೆ ಏರಿಸಿದ್ದು ಅತ್ತೆಯ ರಕ್ತ. ಆದರೂ ಅತ್ತೆ “ನಾನೇ ಕೊಂದೆ” ಎಂದು ಅನ್ನ ಮುಟ್ಟುತ್ತಿಲ್ಲ, ಕೂಸನ್ನು ಎತ್ತಿಕೊಳ್ಳುತ್ತಿಲ್ಲ. ಅವರ ಹೆಸರಿಗೇ ಒಂದು ಕಾಗದ ಬರೆಯಿರಿ. “ಅವ್ವಾ, ನೀನು ಉಳಿಸಿದ ಮಗ ಹೆಂಗವನೆ?” ಎಂದು ಮೊದಲ ಸಾಲಿನಲ್ಲೇ ಕೇಳಿ. ಅವರಿಗೆ ಓದು ಬಾರದು, ಓದಿ ಹೇಳುವವಳು ನಾನೇ. ಸಿಟ್ಟಿನಲ್ಲಿ ನೀವು ಬೇರೇನು ಬರೆದಿದ್ದರೂ ನಾನು ಆ ಸಾಲನ್ನೇ ಓದುತ್ತೇನೆ.