ಅಂಚನಾ ಎನ್ನುವ ಒಂದು ಮಾತು

ಅಶ್ಮಿತಾ,

ನಿನ್ನ ಕಥೆಯನ್ನು ನಮಗೆ ಮೊದಲು ಹೇಳಿದವಳು ಚಂದ್ರಮತಿ ಅಕ್ಕ. ಮೊನ್ನೆ, 2016ರ ಮೇ ತಿಂಗಳ ಮೊದಲ ಶುಕ್ರವಾರ, ಊರಿಗೆ ಹೋಗಿ ಬಂದವಳೇ, ನಾವು ನಾಲ್ವರೂ ಸೇರಿ ದೋಸೆ ಹುಯ್ಯುತ್ತಿದ್ದ ಗಲ್ಫಿನ ಅಲ್ ನಹ್ದಾದ ನಮ್ಮ ಅಡುಗೆಮನೆಯಲ್ಲಿ ಹೇಳಿದಳು.

ನೀನು ಇಲ್ಲೇ ಎಸ್ಕಾರ್ಟ್ ಆಗಿದ್ದೆಯಂತೆ, ದುಡ್ಡಿಗೆ ಗಂಡಸರ ಜೊತೆ ಹೋಗುತ್ತಿದ್ದೆಯಂತೆ. ಗಿರಾಕಿಗಳು ನಿನ್ನ ಬಗ್ಗೆ ವೆಬ್‌ಸೈಟಿನಲ್ಲಿ ವಿಮರ್ಶೆ ಬರೆಯುತ್ತಿದ್ದರಂತೆ. ಅದನ್ನು ಅವರಷ್ಟೇ ಓದಬಹುದು, ಎಷ್ಟು ಕೇಳಿಕೊಂಡರೂ ನೀನು ಓದುವಂತಿಲ್ಲ. ಒಬ್ಬ ಹೊಗಳಿಯೇ ಬರೆದ: "ಮಾತುಮಾತಿಗೂ ‘ಅಂಚನಾ’ ಅಂತಾಳೆ." ‘ಹೌದಾ’ ಎಂಬರ್ಥದ, ನಮ್ಮೆಲ್ಲರ ಬಾಯಲ್ಲೂ ಇರುವ ಆ ತುಳು ಮಾತಿನಿಂದಲೇ ನಿಮ್ಮೂರಿನವನೊಬ್ಬ ನಿನ್ನ ಗುರುತು ಹಿಡಿದ. ಸುದ್ದಿ ಮನೆಗೆ ಮುಟ್ಟಿದ್ದೇ ನೀನು ಇಲ್ಲಿಂದ ಓಡಿಹೋದೆಯಂತೆ.

"ಅದನ್ನೆಲ್ಲ ಓದಿ ಅವಳಿಗೆ ಎಂತ ಆಗ್ಬೇಕಿತ್ತು ಮಾರಾಯ್ತಿ?" ಎಂದಳು ತೃಷಾ.

"ಎಂತದಾ? ನಿನ್ನ ಮಾರ್ಕ್ಸ್ ಕಾರ್ಡ್ ಊರಿಗೆಲ್ಲ ತೋರಿಸಿ ನಿಂಗೊಬ್ಳಿಗೇ ಅಡಗಿಸಿಟ್ರೆ ಸುಮ್ನಿರ್ತಿಯಾ?" ಎಂದೆ. "ಓದಿದ್ರೆ ಆ ಮಾತು ಬಿಡ್ತಿದ್ಲು. ಓಡಿಹೋಗದೆ ಇಲ್ಲೇ ಇರ್ತಿದ್ಲು."

ನನ್ನ ಆಫೀಸಿನ ಹರ್ಷಿತ್ ಆ ವಿಮರ್ಶೆಯ ಪುಟವನ್ನು ಮಾರ್ಚಿನಲ್ಲೇ ನನಗೆ ನಗುತ್ತಾ ತೋರಿಸಿದ್ದ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಪೂವಪ್ಪಣ್ಣ, "ಲಿಫ್ಟ್ ಖಲಾಸ್!" ಎಂದರು. ಚಂದ್ರಮತಿ ಅಕ್ಕ "ಅಂಚ..." ಎಂದವಳು ಬಾಯಿ ಮುಚ್ಚಿಕೊಂಡಳು. ನಾವು ಮೂವರೂ "ಹೌದಾ" ಎಂದು ಮೆಟ್ಟಿಲಿಳಿದೆವು.