ಮಿಚಿಕೋ ತೋರಿಸಿದ ಬೆಟ್ಟ

೧೯ ಜನವರಿ ೨೦೦೦, ಬುಧವಾರ. ಸ್ಯಾನ್ ರಮೋನ್.

ಆ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಸಂಕ್ರಾಂತಿಯ ಸಂಜೆ ಹಿತ್ತಲಲ್ಲಿ ಒಂದು ಹಿಡಿ ಹುಲ್ಲಿಗೆ ಕಿಚ್ಚು ಹಚ್ಚಿದ್ದಕ್ಕೆ ಹಿತ್ತಲಾಚೆಯ ಮನೆಯವರು ಬಡಾವಣೆಯ ಮನೆಮಾಲೀಕರ ಸಂಘಕ್ಕೆ ದೂರು ಕೊಟ್ಟಿದ್ದಾರೆ. ನನ್ನ ಹೆಸರಿನಲ್ಲಿ ಕ್ಷಮಾಪಣೆಯನ್ನು ಮಗ ಲೋಕೇಶ ಇಂಗ್ಲಿಷಿನಲ್ಲಿ ಬರೆದು ತಂದ.

"ಒಂದು ಸೈನು ಹಾಕಮ್ಮ, ಮುಗಿದೋಗುತ್ತೆ. ಇಲ್ಲಿ ದನಾನೇ ಇಲ್ಲ, ಯಾರನ್ನ ಕಿಚ್ಚು ಹಾಯ್ಸೋಕೆ?"

"ನಿನ್ನನ್ನೇ ಹಾಯಿಸ್ತೀನಿ, ಬಾರೋ."

ಮಧ್ಯಾಹ್ನ ಪಕ್ಕದ ಮನೆಯ ಜಪಾನಿ ಹೆಂಗಸು ಮಿಚಿಕೋ ತನ್ನೂರು ನಾರಾದ ಫೋಟೋ ತಂದಿದ್ದಳು. ಮೈತುಂಬ ಹುಲ್ಲಿರುವ ವಕಾಕುಸಾ ಬೆಟ್ಟ. ಪ್ರತಿ ಜನವರಿಯಲ್ಲಿ ದೇವರ ಬೆಂಕಿ ತಂದು ಇಡೀ ಬೆಟ್ಟಕ್ಕೇ ಹಚ್ಚುತ್ತಾರಂತೆ. ಬೆಂಕಿ ಆರಿಸುವವರೂ ಜೊತೆಗಿರುತ್ತಾರಂತೆ, ಊರಿಗೆ ಊರೇ ನಿಂತು ನೋಡುತ್ತದಂತೆ. ವಸಂತಕ್ಕೆ ಮತ್ತೆ ಹಸಿರು. ಫೋಟೋದಲ್ಲಿ ಉರಿಯುತ್ತಿದ್ದ ಆ ಬೆಟ್ಟವನ್ನು ಬಹಳ ಹೊತ್ತು ನೋಡಿದೆ. ಅಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ನಾನೂ ಎರಡು ಬಕೆಟ್ ನೀರಿಟ್ಟುಕೊಂಡೇ ಹಚ್ಚಿದ್ದು. ಬೆಂಕಿಯ ಭಯವನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಲೋಕೇಶನ ಕಾಗದದ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ: ಹೊಗೆಯಿಂದ ಕೆಮ್ಮು ಬಂದಿದ್ದರೆ ಬೇಸರವಿದೆ. ಕಿಚ್ಚು ಹಚ್ಚಿದ್ದಕ್ಕೆ ಬೇಸರವಿಲ್ಲ. ಮುಂದಿನ ಸಂಕ್ರಾಂತಿಗೆ ನೀವೂ ಬಂದು ನಿಲ್ಲಿ, ಎಳ್ಳುಬೆಲ್ಲ ಕೊಡುತ್ತೇನೆ.

ಬೆಳಿಗ್ಗೆ ಅವನೇ ಇಂಗ್ಲಿಷಿಗೆ ತಿರುಗಿಸಲಿ. ಒಂದು ಮಾತನ್ನಾದರೂ ಮೆತ್ತಗೆ ಮಾಡಿದನೋ, ಆಮೇಲೆ ಆ ಕಾಗದಕ್ಕೂ ನನ್ನ ಸಹಿ ಸಿಗದು.